ಎಲ್‌ಎಲ್‌ವಿಎಂ ಬಿಲ್ಡ್: ಕೇಳಿದ್ದೊಂದು ಸಿಕ್ಕಿದ್ದೊಂದು ಆಗದ ಹಾಗೆ ಆಯ್ಕೆಗಳನ್ನು ನಿಭಾಯಿಸುವುದು

ಎಲ್‌ಎಲ್‌ವಿಎಂ ಅಂದರೆ ಕಂಪೈಲರ್‌ಗಳನ್ನು ಕಟ್ಟಲು ಬಳಸುವ ಪ್ರಾಜೆಕ್ಟ್. ಅದರ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವುದೇ ಬಿಲ್ಡ್. ಮೊದಲ ಸಲ ಅದನ್ನು ಬಿಲ್ಡ್ ಮಾಡಿದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 8 ಜಿಬಿ ರ್‍ಯಾಮ್. ಎಲ್ಲೋ ಸಿಕ್ಕ ಕಮಾಂಡ್ ಒಂದನ್ನು ಕಾಪಿ ಮಾಡಿ ಓಡಿಸಿದೆ. ಸಂಜೆ ಶುರುವಾದ ಕಂಪೈಲ್ ರಾತ್ರಿ ಊಟ ಮುಗಿದರೂ ನಡೆಯುತ್ತಲೇ ಇತ್ತು. ಕೊನೆಗೆ ಲಿಂಕ್ ಮಾಡುವ, ಅಂದರೆ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಹೊತ್ತಿಗೆ ಮೌಸ್ ಕೂಡ ಅಲುಗಾಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ನೋಡಿದರೆ, ನನಗೆ ಬೇಕಿದ್ದದ್ದು ನನ್ನ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬಗೆಯಾದ ಎಕ್ಸ್86 ಒಂದೇ. ಅಲ್ಲಿ ಬಿಲ್ಡ್ ಆಗುತ್ತಿದ್ದದ್ದು ಹದಿನೈದಕ್ಕೂ ಹೆಚ್ಚು ಪ್ರೊಸೆಸರ್‌ಗಳ ಬ್ಯಾಕೆಂಡ್ (ಆಯಾ ಪ್ರೊಸೆಸರ್‌ಗೆ ಕೋಡ್ ಹುಟ್ಟಿಸುವ ಭಾಗ), ಅದೂ ತಪ್ಪು ಹುಡುಕಲು ಬಳಸುವ ಭಾರದ ಡಿಬಗ್ ಬಗೆಯಲ್ಲಿ.

ಇಷ್ಟು ದೊಡ್ಡ ಪ್ರಾಜೆಕ್ಟ್‌ನಲ್ಲಿ ನಾವು ಕೇಳಿದ್ದು ಒಂದು, ಬಿಲ್ಡ್ ಆಗಿದ್ದು ಇನ್ನೊಂದು ಆಗುವುದು ತುಂಬಾ ಸುಲಭ. ಬಹಳ ಸಲ ಎರರ್ ಕೂಡ ಬರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಆಯ್ಕೆಗಳ ಪಟ್ಟಿ ಕೊಡುವುದಕ್ಕಿಂತ, ಅವುಗಳನ್ನು ಕೈತಪ್ಪದ ಹಾಗೆ ಇಟ್ಟುಕೊಳ್ಳುವ ದಾರಿ ಹೇಳುತ್ತೇನೆ.

ಹಿನ್ನೆಲೆ ಚಿಕ್ಕದಾಗಿ. ಎಲ್‌ಎಲ್‌ವಿಎಂ ಶುರುವಾದದ್ದು 2000ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ. ಕ್ರಿಸ್ ಲ್ಯಾಟ್ನರ್ ಮತ್ತು ಅವರ ಗುರು ವಿಕ್ರಮ್ ಆದ್ವೆ ಅದನ್ನು ಕಟ್ಟಿದವರು. ಇವತ್ತು ಸಿ, ಸಿ++ ಕಂಪೈಲರ್ ಆದ ಕ್ಲ್ಯಾಂಗ್, ರಸ್ಟ್, ಸ್ವಿಫ್ಟ್, ಜೂಲಿಯಾ ಭಾಷೆಗಳು ಎಲ್ಲ ಅದರ ಮೇಲೆ ನಿಂತಿವೆ. 2016ರಲ್ಲಿ ಬಂದ 3.9 ಆವೃತ್ತಿಯಿಂದ ಹಳೆಯ ಆಟೋಕಾನ್ಫ್ ಪದ್ಧತಿ ಹೋಯಿತು, ಈಗ ಬಿಲ್ಡ್ ಹೇಗೆ ನಡೆಯಬೇಕೆಂದು ತಯಾರಿ ಮಾಡುವ ಸಿಮೇಕ್ ಎಂಬ ಉಪಕರಣದ ಮೂಲಕವೇ ಬಿಲ್ಡ್. 2019ರಲ್ಲಿ ಬಹುತೇಕ ಎಲ್ಲ ಉಪಪ್ರಾಜೆಕ್ಟ್‌ಗಳೂ ಗಿಟ್‌ಹಬ್‌ನ ಒಂದೇ ರೆಪೊಗೆ (ಕೋಡ್ ಇಡುವ ಜಾಗ) ಬಂದವು.

ಒಂದು ಮಾತು: ಆಯ್ಕೆಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವೆಲ್ಲ ಇಂಗ್ಲಿಷ್ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಹೆಸರಿನ ಶುರುವಿನಲ್ಲಿ ಹೈಫನ್ ಮತ್ತು ದೊಡ್ಡಕ್ಷರದ ಡಿ ಸೇರಿಸಿ, ಹೆಸರಾದ ಮೇಲೆ ಸಮ ಚಿಹ್ನೆ ಹಾಕಿ ವ್ಯಾಲ್ಯೂ ಬರೆಯಬೇಕು.

ಹಂತ 1: ಟರ್ಮಿನಲ್ ತೆರೆಯುವ ಮೊದಲು ಒಂದು ಹಾಳೆ

ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಈ ಬಿಲ್ಡ್ ಯಾರಿಗೆ? ಕಂಪೈಲರ್ ಬಳಸುವುದಕ್ಕಾ, ಕಂಪೈಲರ್ ಒಳಗಿನ ಕೋಡ್ ತಿದ್ದುವುದಕ್ಕಾ, ಬೇರೆಯವರಿಗೆ ಹಂಚುವುದಕ್ಕಾ? ಯಾವ ಪ್ರೊಸೆಸರ್‌ಗೆ ಕೋಡ್ ಹುಟ್ಟಿಸಬೇಕು? ಯಾವ ಉಪಪ್ರಾಜೆಕ್ಟ್ ಬೇಕು? ಮುಂದಿನ ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳು ಈ ಉತ್ತರಗಳಿಂದಲೇ ತೀರ್ಮಾನ ಆಗುತ್ತವೆ.

ಹಂತ 2: ಸೋರ್ಸ್ ಒಂದು ಕಡೆ, ಬಿಲ್ಡ್ ಇನ್ನೊಂದು ಕಡೆ

ಕಲಿಯುವುದಕ್ಕಾದರೆ ಪೂರ್ತಿ ಇತಿಹಾಸ ಬೇಕಿಲ್ಲ. ಗಿಟ್ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಟ್ಟರೆ ಡೌನ್‌ಲೋಡ್ ತುಂಬಾ ಕಡಿಮೆ ಆಗುತ್ತದೆ. ಮೇನ್ ಬ್ರಾಂಚ್ ದಿನಕ್ಕೆ ಹತ್ತಾರು ಸಲ ಬದಲಾಗುತ್ತದೆ. ಪ್ಯಾಚ್ (ಕೋಡ್‌ಗೆ ನಿಮ್ಮ ತಿದ್ದುಪಡಿ) ಕಳಿಸುವ ಯೋಚನೆ ಇಲ್ಲದಿದ್ದರೆ ರಿಲೀಸ್ ಟ್ಯಾಗ್ ಒಂದನ್ನೇ ಹಿಡಿಯಿರಿ.

ರೆಪೊದ ಮೇಲಿನ ಫೋಲ್ಡರ್‌ಗೆ ಸಿಮೇಕ್ ತೋರಿಸಿದರೆ ಕೆಲಸ ನಡೆಯುವುದಿಲ್ಲ. ಮುಖ್ಯ ಸಿಮೇಕ್ ಫೈಲ್ ಇರುವುದು ಅದರೊಳಗಿನ ಎಲ್‌ಎಲ್‌ವಿಎಂ ಫೋಲ್ಡರ್‌ನಲ್ಲಿ. ದೊಡ್ಡಕ್ಷರದ ಎಸ್ ಫ್ಲ್ಯಾಗ್‌ಗೆ ಅದನ್ನು ಕೊಡಿ, ದೊಡ್ಡಕ್ಷರದ ಬಿ ಫ್ಲ್ಯಾಗ್‌ಗೆ ಬಿಲ್ಡ್ ಫೋಲ್ಡರ್ ಕೊಡಿ, ದೊಡ್ಡಕ್ಷರದ ಜಿ ಫ್ಲ್ಯಾಗ್‌ಗೆ ನಿಂಜಾ (ಬಿಲ್ಡ್ ಕೆಲಸಗಳನ್ನು ಓಡಿಸುವ ಉಪಕರಣ) ಕೊಡಿ. ಸೋರ್ಸ್ ಒಳಗೇ ಬಿಲ್ಡ್ ಮಾಡಲು ಹೋದರೆ ಎಲ್‌ಎಲ್‌ವಿಎಂ ಒಪ್ಪುವುದಿಲ್ಲ.

ಬಿಲ್ಡ್ ಫೋಲ್ಡರ್‌ಗೆ ಸುಮ್ನೆ 'ಬಿಲ್ಡ್' ಎಂದು ಹೆಸರಿಡಬೇಡಿ. 'ಬಿಲ್ಡ್-ರಿಲೀಸ್-ಅಸರ್ಟ್', 'ಬಿಲ್ಡ್-ಡಿಬಗ್' ಹೀಗೆ ಗುರುತು ಹಿಡಿಯುವ ಹೆಸರಿಡಿ. ಒಂದು ಬಗೆಯ ಬಿಲ್ಡ್‌ಗೆ ಒಂದೇ ಫೋಲ್ಡರ್. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದು ಹಂತ 6ರಲ್ಲಿ ತಿಳಿಯುತ್ತದೆ.

ಹಂತ 3: ಬಿಲ್ಡ್ ಟೈಪ್ ಮತ್ತು ಅಸರ್ಟ್

ಸಿಮೇಕ್_ಬಿಲ್ಡ್_ಟೈಪ್‌ಗೆ ನಾಲ್ಕು ವ್ಯಾಲ್ಯೂಗಳಿವೆ: ಡಿಬಗ್, ರಿಲೀಸ್, ರೆಲ್‌ವಿತ್‌ಡೆಬ್‌ಇನ್ಫೊ, ಮಿನ್‌ಸೈಜ್‌ರೆಲ್. ಹಿಂದೆ ಏನೂ ಕೊಡದಿದ್ದರೆ ಡಿಬಗ್ ಎಂದೇ ಹಿಡಿಯುತ್ತಿತ್ತು. ಎಷ್ಟೋ ಜನರ ಮೊದಲ ಬಿಲ್ಡ್ ಸೋತದ್ದು ಹೀಗೇ. ಈಗಿನ ಆವೃತ್ತಿಗಳು ಇದನ್ನು ಕೊಡದಿದ್ದರೆ ಎರರ್ ಕೊಟ್ಟು ನಿಲ್ಲುತ್ತವೆ. ಈ ಬದಲಾವಣೆ ನನಗೆ ತುಂಬಾ ಇಷ್ಟ. ಇಷ್ಟು ಭಾರದ ತೀರ್ಮಾನವನ್ನು ಬಳಸುವವರ ಪರವಾಗಿ ಪ್ರಾಜೆಕ್ಟ್ ಮಾಡಬಾರದು.

ಡಿಬಗ್ ಎಷ್ಟು ಭಾರ? ಎಲ್‌ಎಲ್‌ವಿಎಂ ಜೊತೆ ಕ್ಲ್ಯಾಂಗ್ ಸೇರಿಸಿ ಡಿಬಗ್ ಬಿಲ್ಡ್ ಮಾಡಿದರೆ 15ರಿಂದ 20 ಜಿಬಿ ಡಿಸ್ಕ್ ಬೇಕು ಎಂದು ಪ್ರಾಜೆಕ್ಟ್‌ನ ಕೈಪಿಡಿಯೇ ಹೇಳುತ್ತದೆ. ಹುಟ್ಟುವ ಕಂಪೈಲರ್ ಕೂಡ ನಿಧಾನ.

ಇನ್ನೊಂದು ಆಯ್ಕೆ ಎಲ್‌ಎಲ್‌ವಿಎಂ_ಎನೇಬಲ್_ಅಸರ್ಷನ್ಸ್. ಎಲ್‌ಎಲ್‌ವಿಎಂ ಕೋಡ್ ತುಂಬಾ ಅಸರ್ಟ್‌ಗಳಿವೆ, ಅಂದರೆ ಎಲ್ಲ ಸರಿ ಇದೆಯಾ ಎಂದು ಓಡುವಾಗ ಪರೀಕ್ಷಿಸುವ ಸಾಲುಗಳು. ತಪ್ಪು ಟೈಪಿನ ವ್ಯಾಲ್ಯೂ ಕೊಟ್ಟಿರಿ, ಮುರಿದ ಇನ್‌ಸ್ಟ್ರಕ್ಷನ್ ಕಟ್ಟಿದಿರಿ ಅಂದರೆ ಅಸರ್ಟ್ ಅಲ್ಲೇ ಹಿಡಿಯುತ್ತದೆ. ಅಸರ್ಟ್ ಇಲ್ಲದಿದ್ದರೆ ಆ ತಪ್ಪು ಹತ್ತು ಫಂಕ್ಷನ್ ದಾಟಿ, ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರ್ಯಾಶ್ ಆಗಬಹುದು. ಅಥವಾ ತಪ್ಪು ಕೋಡ್ ಸದ್ದಿಲ್ಲದೆ ಹೊರಗೆ ಬರಬಹುದು. ಏನೂ ಹೇಳದಿದ್ದರೆ ಡಿಬಗ್‌ನಲ್ಲಿ ಮಾತ್ರ ಅಸರ್ಟ್ ಆನ್, ಉಳಿದ ಮೂರರಲ್ಲಿ ಆಫ್.

ಕೋಡ್ ತಿದ್ದಲು ಹೊರಟವರಿಗೆ ನನ್ನ ಸಲಹೆ ಒಂದೇ: ರಿಲೀಸ್ ಬಿಲ್ಡ್, ಅಸರ್ಟ್ ಆನ್. ವೇಗವೂ ಇರುತ್ತದೆ, ಕಾವಲೂ ಇರುತ್ತದೆ. ಡಿಬಗರ್ ಹಾಕಿ ಒಂದೊಂದೇ ಸಾಲು ನೋಡಬೇಕಾದ ದಿನ ಮಾತ್ರ ಬೇರೆ ಫೋಲ್ಡರ್‌ನಲ್ಲಿ ಡಿಬಗ್ ಬಿಲ್ಡ್ ಮಾಡಿ. ಆಗ ಎಲ್‌ಎಲ್‌ವಿಎಂ_ಆಪ್ಟಿಮೈಸ್ಡ್_ಟೇಬಲ್‌ಜೆನ್ ಆನ್ ಮಾಡುವುದನ್ನು ಮರೆಯಬೇಡಿ. ಬಿಲ್ಡ್ ನಡುವೆಯೇ ಓಡುವ ಟೇಬಲ್‌ಜೆನ್ ಉಪಕರಣ ಡಿಬಗ್ ಬಗೆಯಲ್ಲಿ ತೆವಳುತ್ತದೆ. ಈ ಆಯ್ಕೆ ಕೊಟ್ಟರೆ ಅದೊಂದನ್ನು ವೇಗದ ಬಗೆಯಲ್ಲಿ ಕಟ್ಟಿಕೊಳ್ಳುತ್ತದೆ.

ಹಂತ 4: ಬೇಕಾದಷ್ಟೇ ಕಟ್ಟಿ

ಇಲ್ಲಿ ಮೂರು ಪಟ್ಟಿಗಳು.

ಎಲ್‌ಎಲ್‌ವಿಎಂ_ಎನೇಬಲ್_ಪ್ರಾಜೆಕ್ಟ್ಸ್‌ನಲ್ಲಿ ಕ್ಲ್ಯಾಂಗ್, ಎಲ್‌ಎಲ್‌ಡಿ (ಲಿಂಕ್ ಮಾಡುವ ಉಪಕರಣ), ಎಂಎಲ್‌ಐಆರ್ ಮುಂತಾದ ಉಪಪ್ರಾಜೆಕ್ಟ್‌ಗಳು. ಏನೂ ಕೊಡದಿದ್ದರೆ ಬರಿಯ ಎಲ್‌ಎಲ್‌ವಿಎಂ ಬಿಲ್ಡ್ ಆಗುತ್ತದೆ, ಕ್ಲ್ಯಾಂಗ್ ಬರುವುದಿಲ್ಲ.

ಎಲ್‌ಎಲ್‌ವಿಎಂ_ಎನೇಬಲ್_ರನ್‌ಟೈಮ್ಸ್‌ನಲ್ಲಿ ಲಿಬ್‌ಸಿಎಕ್ಸ್‌ಎಕ್ಸ್, ಲಿಬ್‌ಅನ್‌ವೈಂಡ್, ಕಂಪೈಲರ್-ಆರ್‌ಟಿ ಮುಂತಾದ, ಪ್ರೋಗ್ರಾಂ ಓಡುವಾಗ ಬೇಕಾಗುವ ಲೈಬ್ರರಿಗಳು. ಇವೆರಡನ್ನೂ ಹೊಸಬರು ಕಲಸಿಬಿಡುತ್ತಾರೆ. ವ್ಯತ್ಯಾಸ ಹೀಗಿದೆ. ಪ್ರಾಜೆಕ್ಟ್ ಅಂದರೆ ನಿಮ್ಮ ಸಿಸ್ಟಂನಲ್ಲಿ ಈಗಾಗಲೇ ಇರುವ ಕಂಪೈಲರ್ ಕಟ್ಟುವಂಥದ್ದು. ರನ್‌ಟೈಮ್ ಅಂದರೆ ಈಗಷ್ಟೇ ತಯಾರಾದ ಹೊಸ ಕ್ಲ್ಯಾಂಗ್ ಕಟ್ಟುವಂಥದ್ದು. ಹಾಗಾಗಿ ರನ್‌ಟೈಮ್‌ಗಳಿಗೆ ಬಿಲ್ಡ್ ಫೋಲ್ಡರ್ ಒಳಗೇ ಇನ್ನೊಂದು ಸಿಮೇಕ್ ಓಟ ನಡೆಯುತ್ತದೆ, ಅದಕ್ಕೆ ಬೇರೆಯದೇ ಕ್ಯಾಶ್ (ಆಯ್ಕೆಗಳನ್ನು ನೆನಪಿಡುವ ಫೈಲ್, ವಿವರ ಹಂತ 6ರಲ್ಲಿ) ಇರುತ್ತದೆ. ಹೊರಗೆ ಕೊಟ್ಟ ಆಯ್ಕೆ ಒಳಗೆ ಹೋಗಲಿಲ್ಲ ಎಂಬ ಅನುಮಾನ ಬಂದರೆ ಆ ಒಳಗಿನ ಕ್ಯಾಶ್ ತೆರೆದು ನೋಡಿ.

ಎಲ್‌ಎಲ್‌ವಿಎಂ_ಟಾರ್ಗೆಟ್ಸ್_ಟು_ಬಿಲ್ಡ್ ಏನೂ ಹೇಳದಿದ್ದರೆ 'ಆಲ್'. ನನ್ನ ಲ್ಯಾಪ್‌ಟಾಪ್ ನಿಂತುಹೋದದ್ದರಲ್ಲಿ ಇದರ ಪಾಲು ದೊಡ್ಡದು. ನಿಮ್ಮ ಯಂತ್ರಕ್ಕೆ ಮಾತ್ರ ಸಾಕು ಎಂದಾದರೆ 'ನೇಟಿವ್' ಎಂದು ಕೊಡಿ. ಹೆಸರಿಟ್ಟು ಕೊಡುವುದಾದರೆ ಅಕ್ಷರದ ದೊಡ್ಡದು ಚಿಕ್ಕದು ನೋಡಿಕೊಳ್ಳಿ: ಎಕ್ಸ್86ರಲ್ಲಿ ಎಕ್ಸ್ ದೊಡ್ಡಕ್ಷರವೇ ಆಗಬೇಕು. ಇನ್ನೂ ಪ್ರಯೋಗದ ಹಂತದಲ್ಲಿರುವ ಬ್ಯಾಕೆಂಡ್‌ಗಳು 'ಆಲ್'ನಲ್ಲಿ ಬರುವುದಿಲ್ಲ, ಅವಕ್ಕೆ ಎಕ್ಸ್‌ಪೆರಿಮೆಂಟಲ್ ಎಂಬ ಪದ ಸೇರಿದ ಬೇರೆ ಆಯ್ಕೆ ಇದೆ.

ಮೂರರಲ್ಲೂ ಹೆಸರುಗಳ ನಡುವೆ ಸೆಮಿಕೋಲನ್ ಬರುತ್ತದೆ. ಶೆಲ್‌ಗೆ ಸೆಮಿಕೋಲನ್ ಅಂದರೆ ಕಮಾಂಡ್ ಮುಗಿಯಿತು ಎಂದರ್ಥ. ಅದಕ್ಕೆ ಇಡೀ ವ್ಯಾಲ್ಯೂವನ್ನು ಕೋಟ್ಸ್ ಒಳಗೆ ಹಾಕಿ. ಇಲ್ಲದಿದ್ದರೆ ಮೊದಲ ಹೆಸರು ಮಾತ್ರ ಸಿಮೇಕ್‌ಗೆ ಮುಟ್ಟುತ್ತದೆ.

ಟೆಸ್ಟ್, ಉದಾಹರಣೆ, ಬೆಂಚ್‌ಮಾರ್ಕ್‌ಗಳ ಆಯ್ಕೆಗಳಲ್ಲಿ 'ಇನ್‌ಕ್ಲೂಡ್' ಮತ್ತು 'ಬಿಲ್ಡ್' ಎಂಬ ಎರಡು ಬಗೆ ಕಾಣುತ್ತವೆ. ಇನ್‌ಕ್ಲೂಡ್ ಅಂದರೆ ಆ ಟಾರ್ಗೆಟ್ ಇರುತ್ತದೆ, ಕೇಳಿದಾಗ ಬಿಲ್ಡ್ ಆಗುತ್ತದೆ. ಬಿಲ್ಡ್ ಅಂದರೆ ಕೇಳದಿದ್ದರೂ ಎಲ್ಲದರ ಜೊತೆ ಬಿಲ್ಡ್ ಆಗುತ್ತದೆ.

ಹಂತ 5: ಹಾಸಿಗೆ ಇದ್ದಷ್ಟು ಕಾಲು ಚಾಚಿ

ಕಂಪೈಲ್ ಕೆಲಸಗಳು ಸಿಪಿಯು ತಿನ್ನುತ್ತವೆ, ಲಿಂಕ್ ಕೆಲಸಗಳು ರ್‍ಯಾಮ್ ತಿನ್ನುತ್ತವೆ. ನಿಂಜಾ ತನ್ನ ಪಾಡಿಗೆ ಎಷ್ಟು ಕೋರ್ ಇದೆಯೋ ಹೆಚ್ಚುಕಡಿಮೆ ಅಷ್ಟು ಕೆಲಸ ಒಟ್ಟಿಗೆ ಓಡಿಸುತ್ತದೆ. ಎಂಟು ಲಿಂಕ್ ಒಟ್ಟಿಗೆ ಬಿದ್ದರೆ ಯಂತ್ರ ಏಳುವುದಿಲ್ಲ. ಎಲ್‌ಎಲ್‌ವಿಎಂ_ಪ್ಯಾರಲಲ್_ಲಿಂಕ್_ಜಾಬ್ಸ್ ಇರುವುದು ಇದಕ್ಕೇ. ಒಂದು ಲಿಂಕ್‌ಗೆ 15 ಜಿಬಿ ಲೆಕ್ಕದಲ್ಲಿ 32 ಜಿಬಿ ಯಂತ್ರಕ್ಕೆ 2 ಕೊಡುವ ಉದಾಹರಣೆ ಕೈಪಿಡಿಯಲ್ಲಿದೆ. 8 ಅಥವಾ 16 ಜಿಬಿ ಇದ್ದವರು 1 ಕೊಡಿ. ಕಂಪೈಲ್‌ಗಳು ಎಂದಿನಂತೆ ಎಲ್ಲ ಕೋರ್‌ಗಳಲ್ಲೂ ಓಡುತ್ತವೆ. ಈ ಆಯ್ಕೆ ನಿಂಜಾ ಜೊತೆ ಮಾತ್ರ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

ಎಲ್‌ಎಲ್‌ವಿಎಂ_ಯೂಸ್_ಲಿಂಕರ್‌ಗೆ ಎಲ್‌ಎಲ್‌ಡಿ ಕೊಟ್ಟರೆ ಲಿಂಕ್ ಬೇಗ ಮುಗಿಯುತ್ತದೆ, ಮೆಮೊರಿಯೂ ಉಳಿಯುತ್ತದೆ. ಅದು ನಿಮ್ಮ ಸಿಸ್ಟಂನಲ್ಲಿ ಮೊದಲೇ ಇನ್‌ಸ್ಟಾಲ್ ಆಗಿರಬೇಕು ಅಷ್ಟೇ. ಡಿಬಗ್ ಬಿಲ್ಡ್‌ಗೆ, ಡಿಬಗ್ ಮಾಹಿತಿಯನ್ನು ಬೇರೆ ಫೈಲ್‌ಗಳಲ್ಲಿ ಇಡುವ ಎಲ್‌ಎಲ್‌ವಿಎಂ_ಯೂಸ್_ಸ್ಪ್ಲಿಟ್_ಡ್ವಾರ್ಫ್ ಕೂಡ ಸಹಾಯಕ್ಕೆ ಬರುತ್ತದೆ. ಹಿಂದಿನ ಕಂಪೈಲ್‌ನ ಫಲ ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಶ್ ಉಪಕರಣ ಇದ್ದರೆ ಎಲ್‌ಎಲ್‌ವಿಎಂ_ಸಿಕ್ಯಾಶ್_ಬಿಲ್ಡ್ ಆನ್ ಮಾಡಿ. ಎರಡನೇ ಸಲದ ಬಿಲ್ಡ್‌ನಲ್ಲಿ ಅದರ ಬೆಲೆ ತಿಳಿಯುತ್ತದೆ.

ದಿನಾ ಕಮಿಟ್ ಮಾಡುವವರಿಗೆ ಇನ್ನೊಂದು: ಎಲ್‌ಎಲ್‌ವಿಎಂ_ಅಪೆಂಡ್_ವಿಸಿ_ರೆವ್. ಇದು ಆನ್ ಇದ್ದರೆ ಗಿಟ್ ಕಮಿಟ್ ಗುರುತು ಬೈನರಿ ಒಳಗೆ ಸೇರುತ್ತದೆ. ಹಾಗಾಗಿ ಕಾಮೆಂಟ್ ಒಂದನ್ನು ತಿದ್ದಿ ಕಮಿಟ್ ಮಾಡಿದರೂ ದೊಡ್ಡ ಉಪಕರಣಗಳೆಲ್ಲ ಮತ್ತೆ ಲಿಂಕ್ ಆಗುತ್ತವೆ. ನಿಮ್ಮ ಸ್ವಂತ ಬಿಲ್ಡ್‌ನಲ್ಲಿ ಆಫ್ ಮಾಡಿ. ಹಂಚುವ ಬಿಲ್ಡ್‌ನಲ್ಲಿ ಮಾತ್ರ ಆನ್ ಇರಲಿ, ಬಗ್ ವರದಿ ಬಂದಾಗ ಯಾವ ಕಮಿಟ್ ಎಂದು ಗೊತ್ತಾಗಬೇಕಲ್ವಾ.

ಶೇರ್ಡ್ ಲೈಬ್ರರಿಯ ವಿಷಯದಲ್ಲಿ ಎಚ್ಚರ. ಬಿಲ್ಡ್_ಶೇರ್ಡ್_ಲಿಬ್ಸ್ ಆನ್ ಮಾಡಿದರೆ ಒಂದೊಂದು ಭಾಗವೂ ಬೇರೆ ಬೇರೆ ಶೇರ್ಡ್ ಲೈಬ್ರರಿ ಆಗುತ್ತದೆ. ಇದು ಡೆವಲಪರ್‌ಗಳಿಗೆ ಮಾತ್ರ. ಪ್ಯಾಕೇಜ್ ಮಾಡಿ ಹಂಚುವವರಿಗೆ ಇರುವುದು ಎಲ್‌ಎಲ್‌ವಿಎಂ_ಲಿಂಕ್_ಎಲ್‌ಎಲ್‌ವಿಎಂ_ಡಿವೈಲಿಬ್. ಅದರಲ್ಲಿ ಎಲ್ಲ ಸೇರಿ ಒಂದೇ ದೊಡ್ಡ ಲೈಬ್ರರಿ. ಎರಡನ್ನೂ ಒಟ್ಟಿಗೆ ಕೊಡುವ ಹಾಗಿಲ್ಲ.

ಹಂತ 6: ಕ್ಯಾಶ್ ಏನು ನೆನಪಿಟ್ಟುಕೊಂಡಿದೆ ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಸಿಮೇಕ್ ಒಮ್ಮೆ ಓಡಿದರೆ ಬಿಲ್ಡ್ ಫೋಲ್ಡರ್‌ನಲ್ಲಿ ಸಿಮೇಕ್‌ಕ್ಯಾಶ್ ಎಂಬ ಟೆಕ್ಸ್ಟ್ ಫೈಲ್ ಹುಟ್ಟುತ್ತದೆ. ನೀವು ಕೊಟ್ಟ ಆಯ್ಕೆ, ಕೊಡದ ಆಯ್ಕೆಯ ಡೀಫಾಲ್ಟ್, ಎರಡೂ ಅದರಲ್ಲಿ ಕೂರುತ್ತವೆ. ಮುಂದಿನ ಸಲ ಡೀಫಾಲ್ಟ್ ಮತ್ತೆ ಲೆಕ್ಕ ಆಗುವುದಿಲ್ಲ. ಕ್ಯಾಶ್‌ನಲ್ಲಿ ಇರುವುದೇ ನಡೆಯುತ್ತದೆ.

ಇದರಿಂದ ಆಗುವ ಫಜೀತಿ ಒಂದನ್ನು ನೋಡಿ. ನಾನು ಒಂದು ಫೋಲ್ಡರ್‌ನಲ್ಲಿ ಡಿಬಗ್ ಬಿಲ್ಡ್ ಮಾಡಿದ್ದೆ. ಅದೇ ಫೋಲ್ಡರ್‌ನಲ್ಲಿ ಬಿಲ್ಡ್ ಟೈಪ್ ಮಾತ್ರ ರಿಲೀಸ್‌ಗೆ ಬದಲಿಸಿದೆ. ಆಮೇಲೆ ಕಂಪೈಲರ್ ವೇಗ ಅಳೆದರೆ ಅಂಕಿಗಳು ಯಾವುದಕ್ಕೂ ತಾಳೆ ಆಗಲಿಲ್ಲ. ಎರಡು ದಿನ ಹುಡುಕಿದೆ. ಡಿಬಗ್ ಓಟದಲ್ಲಿ ಅಸರ್ಟ್ ಆನ್ ಎಂದು ಕ್ಯಾಶ್ ಬರೆದುಕೊಂಡಿತ್ತು. ರಿಲೀಸ್‌ಗೆ ಬಂದರೂ ಅದು ಆನ್ ಆಗಿಯೇ ಉಳಿದಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಒಂದು ಬಗೆಗೆ ಒಂದೇ ಫೋಲ್ಡರ್ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕ್ಯಾಶ್ ಓದುವ ಅಭ್ಯಾಸ ಮಾಡಿಕೊಳ್ಳಿ. ಸಿಮೇಕ್‌ಗೆ ದೊಡ್ಡಕ್ಷರದಲ್ಲಿ ಎಲ್ ಮತ್ತು ಎಚ್ ಫ್ಲ್ಯಾಗ್ ಕೊಟ್ಟರೆ ಆಯ್ಕೆಗಳು ವಿವರಣೆ ಸಮೇತ ಬರುತ್ತವೆ. ಜೊತೆಗೆ ಎನ್ ಕೊಟ್ಟರೆ ಏನನ್ನೂ ಬದಲಿಸದೆ ಬರಿ ತೋರಿಸುತ್ತದೆ. ಮೆನು ಬೇಕೆನ್ನುವವರಿಗೆ ಸಿಸಿಮೇಕ್ ಇದೆ. ಒಂದು ಆಯ್ಕೆಯನ್ನು ಮಾತ್ರ ಮರೆಸಬೇಕಾದರೆ ದೊಡ್ಡಕ್ಷರದ ಯು ಫ್ಲ್ಯಾಗ್. ಪೂರ್ತಿ ಹೊಸದಾಗಿ ಕಾನ್ಫಿಗರ್ ಮಾಡಬೇಕಾದರೆ ಸಿಮೇಕ್ 3.24ರಿಂದ ಫ್ರೆಶ್ ಎಂಬ ಫ್ಲ್ಯಾಗ್ ಇದೆ.

ಕಂಪೈಲರನ್ನೇ ಬದಲಿಸುವುದಾದರೆ ಹಳೆಯ ಫೋಲ್ಡರ್ ಮುಟ್ಟಬೇಡಿ. ಅಲ್ಲೇ ಬದಲಿಸಿದರೆ ಸಿಮೇಕ್ ಕ್ಯಾಶ್ ಅಳಿಸಿ ಮತ್ತೆ ಓಡುತ್ತದೆ, ನೀವು ಹಿಂದೆ ಕೊಟ್ಟ ಬೇರೆ ಆಯ್ಕೆಗಳು ಅದರ ಜೊತೆ ಹೋಗಬಹುದು. ಯಾವ ಕಂಪೈಲರ್ ಬಳಸಬೇಕೆಂದು ಹೇಳುವ ಸಿಸಿ, ಸಿಎಕ್ಸ್‌ಎಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಸಿಮೇಕ್ ನೋಡುವುದು ಮೊದಲ ಓಟದಲ್ಲಿ ಮಾತ್ರ. ಆಮೇಲೆ ಬದಲಿಸಿದರೆ ಪ್ರಯೋಜನ ಇಲ್ಲ.

ಇನ್ನು ಕಾಗುಣಿತದ ತಪ್ಪು. 'ಟಾರ್ಗೆಟ್ಸ್' ಬದಲು 'ಟಾರ್ಗೆಟ್' ಎಂದು ಬರೆದರೆ ಸಿಮೇಕ್ ನಿಲ್ಲುವುದಿಲ್ಲ. ಆ ಹೆಸರಿನ ಹೊಸ ವೇರಿಯಬಲ್ ಮಾಡಿಕೊಂಡು ಮುಂದೆ ಹೋಗುತ್ತದೆ, ಎಲ್ಲ ಬ್ಯಾಕೆಂಡ್‌ಗಳೂ ಬಿಲ್ಡ್ ಆಗುತ್ತವೆ. ಕೊನೆಯಲ್ಲಿ ಮಾತ್ರ, ನೀವು ಕೊಟ್ಟ ಇಂಥ ವೇರಿಯಬಲ್ ಅನ್ನು ಪ್ರಾಜೆಕ್ಟ್ ಬಳಸಿಲ್ಲ ಎಂಬ ವಾರ್ನಿಂಗ್ ಬರುತ್ತದೆ. ನೂರಾರು ಸಾಲಿನ ಕೆಳಗೆ ಇರುವ ಆ ವಾರ್ನಿಂಗ್ ಓದಿದ ಮೇಲೆಯೇ ನಿಂಜಾ ಓಡಿಸಿ.

ಹಂತ 7: 'ಆನ್' ಅಂದರೆ 'ಸಿಕ್ಕರೆ ಆನ್'

ಝಡ್‌ಲಿಬ್, ಝಡ್‌ಎಸ್‌ಟಿಡಿ, ಲಿಬ್‌ಎಕ್ಸ್‌ಎಂಎಲ್2 ಇಂಥ ಹೊರಗಿನ ಲೈಬ್ರರಿಗಳ ಆಯ್ಕೆಗೆ ಮೂರು ವ್ಯಾಲ್ಯೂಗಳಿವೆ: ಆನ್, ಆಫ್, ಫೋರ್ಸ್_ಆನ್. ಆನ್ ಎಂದರೆ ಆ ಲೈಬ್ರರಿ ಸಿಕ್ಕರೆ ಬಳಸು, ಸಿಗದಿದ್ದರೆ ಬಿಟ್ಟುಬಿಡು ಎಂದರ್ಥ. ಫೋರ್ಸ್_ಆನ್ ಎಂದರೆ ಸಿಗದಿದ್ದರೆ ಅಲ್ಲೇ ನಿಲ್ಲು.

ನಾನು ಕೆಲಸ ಮಾಡಿದ ಒಂದು ಕಡೆ ಎರಡು ಯಂತ್ರಗಳಲ್ಲಿ ಒಂದೇ ಸ್ಕ್ರಿಪ್ಟ್‌ನಿಂದ ಬಿಲ್ಡ್ ಆಗುತ್ತಿತ್ತು. ಒಂದರಲ್ಲಿ ಹುಟ್ಟಿದ ಕಂಪೈಲರ್ ಡಿಬಗ್ ಮಾಹಿತಿಯನ್ನು ಕುಗ್ಗಿಸಿ ಇಡುತ್ತಿತ್ತು, ಇನ್ನೊಂದರದು ಇಡುತ್ತಿರಲಿಲ್ಲ. ಎರಡನೆಯದರಲ್ಲಿ, ಕುಗ್ಗಿಸುವ ಕೆಲಸ ಮಾಡುವ ಝಡ್‌ಲಿಬ್‌ನ ಡೆವ್ ಪ್ಯಾಕೇಜ್ ಇರಲಿಲ್ಲ, ಅಷ್ಟೇ. ಕ್ಯಾಶ್ ತೆರೆದರೆ ಎರಡರಲ್ಲೂ 'ಆನ್' ಎಂದೇ ಇತ್ತು. ಕ್ಯಾಶ್‌ನಲ್ಲಿ ಇರುವುದು ನೀವು ಕೇಳಿದ್ದು. ನಿಮಗೆ ಸಿಕ್ಕಿದ್ದು ಏನೆಂದು ತಿಳಿಯಲು ಬಿಲ್ಡ್ ಫೋಲ್ಡರ್‌ನಲ್ಲಿ ಹುಟ್ಟುವ ಎಲ್‌ಎಲ್‌ವಿಎಂ-ಕಾನ್ಫಿಗ್ ಹೆಡರ್ ಫೈಲ್ ನೋಡಬೇಕು. ಅಲ್ಲಿ ಆ ಆಯ್ಕೆಯ ಮುಂದೆ 0 ಅಥವಾ 1 ಇರುತ್ತದೆ.

ಬೇರೆಯವರಿಗೆ ಕೊಡುವ ಬಿಲ್ಡ್‌ನಲ್ಲಿ ಇಂಥ ಆಯ್ಕೆಗಳನ್ನು ಫೋರ್ಸ್_ಆನ್ ಮಾಡಿ, ಇಲ್ಲವೇ ಸ್ಪಷ್ಟವಾಗಿ ಆಫ್ ಮಾಡಿ. ನಡುವಿನದು ಬೇಡ.

ಹಂತ 8: ಆಯ್ಕೆಗಳನ್ನು ಫೈಲ್‌ನಲ್ಲಿ ಇಡಿ

ಹದಿನೈದು ಆಯ್ಕೆಗಳ ಉದ್ದ ಕಮಾಂಡ್ ಶೆಲ್ ಹಿಸ್ಟರಿಯಲ್ಲಿ ಮಾತ್ರ ಇದ್ದರೆ ಆರು ತಿಂಗಳ ನಂತರ ಯಾರ ಹತ್ತಿರವೂ ಇರುವುದಿಲ್ಲ. ಸಿಮೇಕ್‌ಗೆ ದೊಡ್ಡಕ್ಷರದ ಸಿ ಫ್ಲ್ಯಾಗ್ ಇದೆ. ಅದಕ್ಕೆ ಒಂದು ಫೈಲ್ ಕೊಟ್ಟರೆ ಅದರಲ್ಲಿರುವ ಆಯ್ಕೆಗಳನ್ನು ಮೊದಲೇ ಕ್ಯಾಶ್‌ಗೆ ತುಂಬಿಕೊಳ್ಳುತ್ತದೆ. ಒಂದು ಆಯ್ಕೆಗೆ ಒಂದು ಸೆಟ್ ಸಾಲು: ಹೆಸರು, ವ್ಯಾಲ್ಯೂ, ಕ್ಯಾಶ್ ಎಂಬ ಪದ, ಬಗೆ, ಚಿಕ್ಕ ವಿವರಣೆ. ಕ್ಯಾಶ್ ಎಂಬ ಪದ ಬಿಟ್ಟರೆ ಆ ಸಾಲು ಇದ್ದೂ ಇಲ್ಲದ ಹಾಗೆ. ಪ್ರತಿ ಸಾಲಿನ ಮೇಲೆ ಅದು ಯಾಕೆ ಬೇಕು ಎಂದು ಕಾಮೆಂಟ್ ಬರೆಯಿರಿ. ಫೈಲನ್ನು ಗಿಟ್‌ನಲ್ಲಿ ಇಡಿ.

ಮಾದರಿ ಬೇಕಿದ್ದರೆ ಎಲ್‌ಎಲ್‌ವಿಎಂ ರೆಪೊದಲ್ಲೇ ಕ್ಲ್ಯಾಂಗ್ ಫೋಲ್ಡರ್, ಅದರೊಳಗೆ ಸಿಮೇಕ್, ಅದರೊಳಗೆ ಕ್ಯಾಶಸ್ ಎಂಬ ಫೋಲ್ಡರ್ ನೋಡಿ. ಗೂಗಲ್‌ನ ಆಪರೇಟಿಂಗ್ ಸಿಸ್ಟಂ ಆದ ಫ್ಯೂಷಿಯಾ ತಂಡದ, ಆಪಲ್ ತಂಡದ ಆಯ್ಕೆ ಫೈಲ್‌ಗಳು ಅಲ್ಲಿವೆ. ಹಂಚಿಕೆಗೆ ಏನು ಸೇರಿಸಬೇಕು ಎಂಬುದರ ಮಾದರಿ ಫೈಲ್ ಕೂಡ ಇದೆ. ದೊಡ್ಡ ತಂಡಗಳು ಏನನ್ನು ಆರಿಸುತ್ತವೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಈ ಫೈಲ್ ಈಗಾಗಲೇ ಕ್ಯಾಶ್‌ನಲ್ಲಿ ಕೂತಿರುವ ವ್ಯಾಲ್ಯೂವನ್ನು ತಳ್ಳುವುದಿಲ್ಲ. ಹಾಗಾಗಿ ಫೈಲ್ ತಿದ್ದಿದಾಗ ಹೊಸ ಫೋಲ್ಡರ್ ಅಥವಾ ಫ್ರೆಶ್ ಫ್ಲ್ಯಾಗ್ ಬಳಸಿ. ಸಿಮೇಕ್ 3.19ರಿಂದ ಪ್ರಿಸೆಟ್ ಎಂಬ ಜೇಸನ್ ಫೈಲ್ ದಾರಿಯೂ ಇದೆ. ಅದು ಸೋರ್ಸ್ ಫೋಲ್ಡರ್‌ನಲ್ಲೇ ಇರಬೇಕು. ಎಲ್‌ಎಲ್‌ವಿಎಂ ರೆಪೊ ನಿಮ್ಮದಲ್ಲದ ಕಾರಣ ಹೊರಗೆ ಇಡಬಹುದಾದ ಮೊದಲ ದಾರಿಯೇ ನನಗೆ ಹಿಡಿಸಿದೆ.

ಹಂತ 9: ಬಿಲ್ಡ್ ಆದದ್ದನ್ನೇ ಕೇಳಿ

ಬಿಲ್ಡ್ ಮುಗಿದ ಮೇಲೆ ಬಿನ್ ಫೋಲ್ಡರ್‌ನ ಎಲ್‌ಎಲ್‌ವಿಎಂ-ಕಾನ್ಫಿಗ್ ಓಡಿಸಿ. ಬಿಲ್ಡ್-ಮೋಡ್, ಅಸರ್ಷನ್-ಮೋಡ್, ಟಾರ್ಗೆಟ್ಸ್-ಬಿಲ್ಟ್ ಎಂಬ ಮೂರು ಪ್ರಶ್ನೆ ಕೇಳಿ. ಹಂತ 1ರ ಹಾಳೆಯ ಜೊತೆ ಉತ್ತರ ಹೋಲಿಸಿ. ಅದೇ ಫೋಲ್ಡರ್‌ನ ಎಲ್‌ಎಲ್‌ಸಿ ಉಪಕರಣಕ್ಕೆ ವರ್ಷನ್ ಫ್ಲ್ಯಾಗ್ ಕೊಟ್ಟರೂ ಯಾವ ಯಾವ ಬ್ಯಾಕೆಂಡ್ ಸೇರಿದೆ ಎಂದು ಹೇಳುತ್ತದೆ. ಆಮೇಲೆ ನಿಂಜಾಗೆ ಚೆಕ್-ಎಲ್‌ಎಲ್‌ವಿಎಂ, ಕ್ಲ್ಯಾಂಗ್ ಇದ್ದರೆ ಚೆಕ್-ಕ್ಲ್ಯಾಂಗ್ ಕೊಟ್ಟು ಟೆಸ್ಟ್ ಓಡಿಸಿ.

ನೀವೇ ಹೊಸ ಆಯ್ಕೆ ಸೇರಿಸುವುದಾದರೆ

ಪ್ಯಾಚ್ ಕಳಿಸುವ ಹಂತಕ್ಕೆ ಬಂದವರಿಗೆ ಈ ಭಾಗ. ಬೆಂಗಳೂರಿನಲ್ಲಿ ಕಂಪೈಲರ್ ಕೆಲಸ ಮಾಡುವವರು ಬಹಳ ಇದ್ದಾರೆ, ಈ ಪ್ರಶ್ನೆ ಒಂದಲ್ಲ ಒಂದು ದಿನ ಅವರ ಮುಂದೆ ಬಂದೇ ಬರುತ್ತದೆ.

ಮೊದಲು ಕೇಳಿಕೊಳ್ಳಿ: ಇದು ಬಿಲ್ಡ್ ಆಯ್ಕೆಯೇ ಆಗಬೇಕಾ? ಕಂಪೈಲರ್ ಓಡುವಾಗ ಕೊಡುವ ಫ್ಲ್ಯಾಗ್ ಆಗಿದ್ದರೆ ಸಾಲದಾ? ಫ್ಲ್ಯಾಗ್ ಆದರೆ ಎರಡೂ ದಾರಿಯ ಕೋಡ್ ಎಲ್ಲರ ಯಂತ್ರದಲ್ಲೂ ಕಂಪೈಲ್ ಆಗುತ್ತದೆ. ಬಿಲ್ಡ್ ಆಯ್ಕೆ ಆದರೆ ಒಂದು ದಾರಿಯ ಕೋಡ್ ಯಾರೂ ನೋಡದೆ ಕೊಳೆಯಬಹುದು. ಆನ್ ಆಫ್ ಬಗೆಯ ಹತ್ತು ಆಯ್ಕೆಗಳಿದ್ದರೆ 1024 ಜೋಡಣೆಗಳು. ತಾವಾಗಿಯೇ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ಬಿಲ್ಡ್‌ಬಾಟ್ ಯಂತ್ರಗಳು ಎಷ್ಟೇ ಇದ್ದರೂ ಅಷ್ಟನ್ನೂ ಓಡಿಸಲು ಆಗುವುದಿಲ್ಲ. ನಿಮ್ಮ ಆಯ್ಕೆಯನ್ನು ಯಾವ ಬಾಟ್ ಓಡಿಸುತ್ತದೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ಸೇರಿಸಬೇಡಿ ಎಂದೇ ಹೇಳುತ್ತೇನೆ.

ಸೇರಿಸುವುದೇ ಆದರೆ ಹೆಸರು ಉಪಪ್ರಾಜೆಕ್ಟ್‌ನ ಹೆಸರಿನಿಂದ ಶುರುವಾಗಲಿ: ಎಲ್‌ಎಲ್‌ವಿಎಂ, ಕ್ಲ್ಯಾಂಗ್, ಎಲ್‌ಎಲ್‌ಡಿಬಿ ಹೀಗೆ. ಆಯ್ಕೆಯನ್ನು ಸಿ++ ಕೋಡ್‌ಗೆ ದಾಟಿಸುವಾಗ ಸಿಮೇಕ್‌ಡಿಫೈನ್01 ಬಳಸಿ, ಕೋಡ್‌ನಲ್ಲಿ ಇಫ್‌ಡೆಫ್ ಬದಲು ಇಫ್ ಬರೆಯಿರಿ. ಇಫ್‌ಡೆಫ್ ಆದರೆ ಹೆಡರ್ ಸೇರಿಸಲು ಮರೆತ ಫೈಲ್ ಸದ್ದಿಲ್ಲದೆ ಇನ್ನೊಂದು ದಾರಿ ಹಿಡಿಯುತ್ತದೆ. ಯಾವಾಗಲೂ 0 ಅಥವಾ 1 ಇರುವ ಹೆಸರಾದರೆ, ಡಿಫೈನ್ ಆಗದ ಹೆಸರು ಎಂದು ಕಂಪೈಲರ್ ವಾರ್ನಿಂಗ್ ಕೊಡಲು ಸಾಧ್ಯ.

ಯಾವ ಹೆಡರ್‌ನಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಕಾನ್ಫಿಗ್ ಎಂಬ ಹೆಡರ್ ಪ್ರಾಜೆಕ್ಟ್ ಒಳಗಿನದು. ಎಲ್‌ಎಲ್‌ವಿಎಂ-ಕಾನ್ಫಿಗ್ ಎಂಬುದು ಇನ್‌ಸ್ಟಾಲ್ ಆಗಿ ಬಳಕೆದಾರರ ಕೈ ಸೇರುತ್ತದೆ. ಆಯ್ಕೆಯಿಂದ ಯಾವುದಾದರೂ ಕ್ಲಾಸ್‌ನ ಗಾತ್ರ ಬದಲಾಗುವುದಾದರೆ ಇನ್ನೂ ಎಚ್ಚರ ಬೇಕು. ಲೈಬ್ರರಿ ಒಂದು ಬಗೆಯಲ್ಲಿ, ಅದನ್ನು ಬಳಸುವ ಪ್ರೋಗ್ರಾಂ ಇನ್ನೊಂದು ಬಗೆಯಲ್ಲಿ ಬಿಲ್ಡ್ ಆದರೆ ಮೆಮೊರಿ ಕೆಡುತ್ತದೆ. ಎಲ್‌ಎಲ್‌ವಿಎಂ_ಎಬಿಐ_ಬ್ರೇಕಿಂಗ್_ಚೆಕ್ಸ್ ಇದಕ್ಕಾಗಿ ಒಂದು ಉಪಾಯ ಮಾಡಿದೆ. ಎರಡು ಕಡೆ ತಾಳೆ ಆಗದಿದ್ದರೆ ಲಿಂಕ್ ಮಾಡುವಾಗಲೇ ಒಂದು ಸಿಂಬಲ್ ಸಿಗದೆ ಎರರ್ ಬರುತ್ತದೆ. ಓಡುವಾಗ ಕೆಡುವುದಕ್ಕಿಂತ ಅದು ಎಷ್ಟೋ ಮೇಲು.

ವಿವರಣೆಯನ್ನು ಅದೇ ಪ್ಯಾಚ್‌ನಲ್ಲಿ, ಎಲ್‌ಎಲ್‌ವಿಎಂ ಫೋಲ್ಡರ್‌ನ ಡಾಕ್ಸ್ ಒಳಗಿರುವ ಸಿಮೇಕ್ ಕೈಪಿಡಿಯಲ್ಲಿ ಸೇರಿಸಿ. ಡೀಫಾಲ್ಟ್ ಏನು, ಯಾವ ಆಯ್ಕೆಯ ಜೊತೆ ಹೊಂದುವುದಿಲ್ಲ ಎಂದು ಬರೆಯಿರಿ. ಹೊಂದದ ಜೋಡಣೆ ಕೊಟ್ಟರೆ ಸಿಮೇಕ್ ಓಟದಲ್ಲೇ ಎರರ್ ಕೊಟ್ಟು ನಿಲ್ಲಿಸುವ ಎರಡು ಸಾಲು ಕೂಡ ಹಾಕಿ. ಸಂಜೆ ಬಿಲ್ಡ್‌ಗೆ ಇಟ್ಟು ಮಲಗಿದ ಯಾರೋ ಒಬ್ಬರಿಗೆ ಬೆಳಿಗ್ಗೆ ಸಿಗಬೇಕಾದ ಎರರ್ ಐದು ಸೆಕೆಂಡಿನಲ್ಲೇ ಸಿಗುತ್ತದೆ.